ಕುದಿನೀರಿಗೆ ಅಂಜದ ಪಾತ್ರೆ

ಕಳೆದ ವರ್ಷ ಆಷಾಢ ಮುಗಿದ ಮೇಲೆ ನನ್ನ ತಮ್ಮನ ಮಗಳ ಕೂಸಿಗೆ ನಾಮಕರಣವಾಯಿತು. ತೊಟ್ಟಿಲ ಶಾಸ್ತ್ರ ಮುಗಿದು, ಬಂದವರೆಲ್ಲ ಊಟಕ್ಕೆ ಎದ್ದುಹೋದ ಮೇಲೆ, ಉಡುಗೊರೆಗಳನ್ನು ಒಂದೊಂದಾಗಿ ಬಿಚ್ಚಿ ಜೋಡಿಸುತ್ತಿದ್ದ ಬಾಣಂತಿಯು, ಅಜ್ಜಿಯೊಬ್ಬರು ಅಕ್ಕರೆಯಿಂದ ತಂದಿತ್ತ ಪುಟ್ಟ ಬೆಳ್ಳಿಯ ಒಳಲೆಯನ್ನೂ, ಗೆಳತಿಯರು ಕೂಡಿ ಕೊಟ್ಟಿದ್ದ ಬಣ್ಣದ ಮುಚ್ಚಳಗಳ ಮೂರು ಪ್ಲಾಸ್ಟಿಕ್ ಹಾಲುಬಾಟಲಿಗಳನ್ನೂ ಎದುರಿಗೆ ಇಟ್ಟುಕೊಂಡು, "ದೊಡ್ಡಪ್ಪ, ಒಳಲೆಯನ್ನ ದೇವರ ಮನೆಯಲ್ಲಿ ಇಡ್ತೀನಿ. ಈ ಬಾಟಲಿಗಳನ್ನೇ ಇಟ್ಕೊಳ್ಳಲಾ, ಗಾಜಿನದು ತರಿಸಲಾ? ನೀವೇ ಹೇಳಿ" ಎಂದು ಕೇಳಿದಳು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದವನು ಇಂಥ ಪ್ರಶ್ನೆಗೆ ಉತ್ತರ ಹೇಳಬಲ್ಲನೆಂಬ ನಂಬಿಕೆ ಅವಳದು. ಅವಳು ಬ್ಯಾಂಕಿನ ಉದ್ಯೋಗಿ. ಹೆರಿಗೆಯ ರಜೆ ಮುಗಿದೊಡನೆ ಕೆಲಸಕ್ಕೆ ಮರಳಬೇಕಾದವಳು. ಆಗ ಮಗುವಿಗೆ ಹಾಲೂಡುವವರು ಅಜ್ಜಿ, ತಾತ ಮತ್ತು ಹಗಲಿಗೆ ಬರುವ ಒಬ್ಬ ಆಯಾ.

ಗಾಜಿನದನ್ನೇ ತರಿಸು ಎಂದು ನಾನು ಅಂದು ಹೇಳಿದೆ, ಇಂದಿಗೂ ಹೇಳುತ್ತೇನೆ. ಆದರೆ ಪ್ಲಾಸ್ಟಿಕ್ ಎಂಬುದೆಲ್ಲ ವಿಷ, ಗಾಜು ಎಂಬುದೆಲ್ಲ ಶುದ್ಧ ಎಂದು ಭಾವಿಸಿ ನಾನು ಆ ಮಾತನ್ನು ಆಡಲಿಲ್ಲ. ವಸ್ತುವಿನ ಗುಣವನ್ನು ಅದರ ಕೆಲಸದೊಡನೆ ಇಟ್ಟು ನೋಡಬೇಕೇ ಹೊರತು ಬಿಡಿಯಾಗಿ ತೂಗಬಾರದೆಂಬುದು ಪ್ರಯೋಗಶಾಲೆಯಲ್ಲಿ ನಾನು ಕಲಿತ ಪಾಠ.

ಅದಕ್ಕೂ ಮೊದಲು ಹೇಳಲೇಬೇಕಾದ ಮಾತೊಂದುಂಟು. ಹುಟ್ಟಿದ ಮೊದಲ ಆರು ತಿಂಗಳು ಶಿಶುವಿಗೆ ತಾಯಿಹಾಲಲ್ಲದೆ ಬೇರೇನೂ, ನೀರು ಕೂಡ, ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ವೈದ್ಯರೂ ಅದನ್ನೇ ಹೇಳುತ್ತಾರೆ. ಹಾಲಿನ ಪುಡಿಯನ್ನೂ ಬಾಟಲಿಯನ್ನೂ ಮಾರುವವರು ಬಡ ದೇಶಗಳ ತಾಯಂದಿರನ್ನು ಎದೆಹಾಲಿನಿಂದ ವಿಮುಖರಾಗುವಂತೆ ಮಾಡುತ್ತಿದ್ದಾರೆಂಬ ಕಳವಳ ಲೋಕದಲ್ಲೆಲ್ಲ ಎದ್ದ ಮೇಲೆ, 1981ರಲ್ಲಿ ಅಂಥ ವಸ್ತುಗಳ ಮಾರಾಟಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆ ರಚಿತವಾಯಿತು; ಅದರ ಬೆನ್ನಿಗೆ ಭಾರತವು 1992ರಲ್ಲಿ ಕಾಯಿದೆಯನ್ನೇ ಮಾಡಿ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಎರಡು ವರ್ಷದೊಳಗಿನ ಮಕ್ಕಳ ಆಹಾರವನ್ನಾಗಲಿ ಹಾಲುಬಾಟಲಿಯನ್ನಾಗಲಿ ಜಾಹೀರಾತು ಮಾಡಕೂಡದೆಂದು ವಿಧಿಸಿತು. ಸಾಬೂನಿಗೂ ಸೀರೆಗೂ ಇಲ್ಲದ ಈ ನಿರ್ಬಂಧ ಹಾಲುಬಾಟಲಿಗೆ ಏಕೆ ಬಂತೆಂಬುದನ್ನು, ಗಾಜೋ ಪ್ಲಾಸ್ಟಿಕ್ಕೋ ಎಂದು ಅಂಗಡಿಯ ಮುಂದೆ ನಿಂತು ಯೋಚಿಸುವ ಪ್ರತಿಯೊಬ್ಬರೂ ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟು ಹೇಳಿದವನು, ಬಾಟಲಿಯನ್ನು ಹಿಡಿಯಬೇಕಾಗಿ ಬಂದ ತಾಯಂದಿರನ್ನು ನಿಂದಿಸುವವರ ಗುಂಪಿಗೆ ಸೇರಿದವನಲ್ಲ. ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಕೂಸುಂಟು. ದತ್ತು ಬಂದ ಕೂಸುಂಟು. ರೋಗದಿಂದಲೋ ಔಷಧದಿಂದಲೋ ಹಾಲೂಡಲಾಗದ ತಾಯಿಯುಂಟು. ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಗಿನ ಬಸ್ಸು ಹಿಡಿದು ಹೋಗಿ ಸಂಜೆ ಮರಳುವ ತಾಯಿಯುಂಟು. ಇವರೆಲ್ಲರ ಮಕ್ಕಳೂ ಕುಡಿಯಲೇಬೇಕು, ಬೆಳೆಯಲೇಬೇಕು. ಆದುದರಿಂದ ಯಾವ ಪಾತ್ರೆಯಲ್ಲಿ ಎಂಬ ಪ್ರಶ್ನೆ ಕ್ಷುಲ್ಲಕವಾದುದಲ್ಲ.

ಹಾಲು ಮಗುವಿಗೆ ಎಷ್ಟು ಪುಷ್ಟಿಕರವೋ ಸೂಕ್ಷ್ಮಜೀವಿಗಳಿಗೂ ಅಷ್ಟೇ ಪುಷ್ಟಿಕರ. ಬಾಟಲಿಯ ಚರಿತ್ರೆಯೆಲ್ಲ ಈ ಒಂದು ಸತ್ಯವನ್ನು ಮನುಷ್ಯನು ಎಷ್ಟು ತಡವಾಗಿ, ಎಷ್ಟು ಶಿಶುಗಳ ಪ್ರಾಣವನ್ನು ತೆತ್ತು ಕಲಿತನೆಂಬುದರ ಕಥೆ. 1845ರಲ್ಲಿ ಅಮೆರಿಕದಲ್ಲಿ ರಬ್ಬರಿನ ನಿಪ್ಪಲ್ಲಿಗೆ ಪೇಟೆಂಟ್ ದೊರೆತ ತರುವಾಯ ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಒಂದು ವಿಶೇಷ ಬಗೆಯ ಬಾಟಲಿ ಮನೆಮನೆಯಲ್ಲಿ ಕಾಣಿಸಿಕೊಂಡಿತು. ಹೊಟ್ಟೆ ಗಾಜಿನದು, ಅದರಿಂದ ಹೊರಟ ಉದ್ದನೆಯ ರಬ್ಬರು ಕೊಳವೆಯ ತುದಿಯಲ್ಲಿ ನಿಪ್ಪಲ್. ಮಗುವನ್ನು ಮಲಗಿಸಿ ಪಕ್ಕದಲ್ಲಿ ಬಾಟಲಿಯನ್ನಿಟ್ಟು, ಕೊಳವೆಯ ತುದಿಯನ್ನು ಬಾಯಿಗೆ ಕೊಟ್ಟುಬಿಟ್ಟರೆ ತಾಯಿ ತನ್ನ ಕೆಲಸಕ್ಕೆ ಹೋಗಬಹುದಾಗಿತ್ತು. ಆದರೆ ಆ ಕೊಳವೆಯ ಒಳಮೈಯನ್ನು ಯಾವ ಕುಂಚವೂ ತಲುಪಲಾರದು, ಯಾವ ಕಣ್ಣೂ ಕಾಣಲಾರದು. ಅಲ್ಲಿ ಉಳಿದ ಹಾಲಿನ ಪಸೆಯಲ್ಲಿ ರೋಗಾಣುಗಳು ತಂಗಿ ಬೆಳೆದು ಮುಂದಿನ ಊಟದೊಡನೆ ಮಗುವಿನ ಹೊಟ್ಟೆಯನ್ನು ಸೇರುತ್ತಿದ್ದುವು. ಜನ ಅದಕ್ಕೆ ಕೊಲೆಗಾರ ಬಾಟಲಿ ಎಂದೇ ಹೆಸರಿಟ್ಟರು. ವೈದ್ಯರು ಖಂಡಿಸಿದರೂ ದಶಕಗಳ ಕಾಲ ಅದರ ಮಾರಾಟ ನಡೆಯಿತು; ಫ್ರಾನ್ಸ್ ಅದನ್ನು ನಿಷೇಧಿಸಿದುದು 1910ರಲ್ಲಿ. ಆ ಬಾಟಲಿಗಳು ಗಾಜಿನವೇ ಆಗಿದ್ದುವೆಂಬುದನ್ನು, ಗಾಜಿನ ಪರವಾಗಿ ವಾದಿಸುವ ನಾನೇ ಮೊದಲು ಒಪ್ಪಿಕೊಳ್ಳಬೇಕು. ಗಾಜು ತಾನಾಗಿ ಯಾವ ಶಿಶುವನ್ನೂ ಕಾಪಾಡಲಿಲ್ಲ. ಒಳಮೈಯೆಲ್ಲ ಕೈಗೂ ಕಣ್ಣಿಗೂ ನಿಲುಕುವ, ಕುದಿಯುವ ನೀರಿನಲ್ಲಿ ಮುಳುಗಿಸಿ ತೆಗೆಯಬಹುದಾದ ಪಾತ್ರೆ ಬಂದ ಮೇಲೆ ಸ್ಥಿತಿ ಸುಧಾರಿಸಿತು. 1894ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಕಡೆಯೂ ಬಾಯಿಯುಳ್ಳ ದೋಣಿಯಾಕಾರದ ಬಾಟಲಿ ಬಂದುದರ ಉದ್ದೇಶವೇ ಅದು.

ಇನ್ನು ಹಾಲಿನ ಪುಡಿಯ ಸಂಗತಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶ ಶಿಶು ಆಹಾರದ ಡಬ್ಬಿಗಳಿಗಾಗಿ ವಿದೇಶಗಳನ್ನು ಅವಲಂಬಿಸಿತ್ತು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದರ ಗರಣೆ ಗಟ್ಟಿ. ಎಳೆಗೂಸಿಗೆ ಅದು ಒಗ್ಗದೆಂಬುದು ಅಂದಿನ ಸಾಮಾನ್ಯ ಅಭಿಪ್ರಾಯ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಆ ಎಮ್ಮೆಯ ಹಾಲನ್ನೇ ಶಿಶುವಿಗೆ ಜೀರ್ಣವಾಗುವಂತೆ ಸಂಸ್ಕರಿಸುವ ಕ್ರಮವನ್ನು ಕಂಡುಹಿಡಿದರು. ಗುಜರಾತಿನ ಆನಂದದ ಸಹಕಾರಿಗಳು ಅದನ್ನು ಅಮುಲ್ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹಂಚಿದರು. ಕನ್ನಡ ನಾಡಿನ ನೆಲದಲ್ಲಿ ನಡೆದ ಈ ಕೆಲಸವನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ಎಂಥ ಉತ್ತಮ ಪುಡಿಯಾದರೂ ಅದು ಸೂಕ್ಷ್ಮಜೀವಿಗಳಿಂದ ಪೂರ್ಣವಾಗಿ ಮುಕ್ತವಾದ ಪದಾರ್ಥವಲ್ಲ. ಕ್ರೋನೋಬ್ಯಾಕ್ಟರ್ ಎಂಬ ರೋಗಾಣು ಒಣಪುಡಿಯಲ್ಲಿ ಸುಪ್ತವಾಗಿದ್ದು, ಉಗುರುಬೆಚ್ಚಗಿನ ನೀರು ಸೋಕಿದೊಡನೆ ಚೇತರಿಸಿಕೊಂಡು, ನವಜಾತ ಶಿಶುಗಳ ರಕ್ತವನ್ನೂ ಮಿದುಳಿನ ಪೊರೆಯನ್ನೂ ಆಕ್ರಮಿಸಬಲ್ಲದು. ಆದಕಾರಣವೇ ವಿಶ್ವ ಆರೋಗ್ಯ ಸಂಸ್ಥೆಯು 2007ರ ತನ್ನ ಮಾರ್ಗಸೂಚಿಯಲ್ಲಿ, ಪುಡಿಯನ್ನು ಕಲಸುವ ನೀರು 70 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಇರಕೂಡದೆಂದೂ, ಕಲಸಿದ ಬಳಿಕ ಆರಿಸಿ ಕೂಡಲೆ ಕುಡಿಸಬೇಕೆಂದೂ ವಿಧಿಸಿತು. ಕೈಯನ್ನು ಸುಡುವಷ್ಟು ಬಿಸಿಯಾದ ನೀರು ಅದು. ಬಾಟಲಿಯನ್ನು ಶುದ್ಧಿಗೊಳಿಸುವುದಕ್ಕೋ ಕುದಿಯುವ ನೀರೇ ಬೇಕು. ಅಂದರೆ ಹಾಲುಬಾಟಲಿಯ ಬಾಳುವೆಯೆಲ್ಲ ಬಿಸಿಯೊಡನೆಯೇ ನಡೆಯತಕ್ಕದ್ದು.

ಈ ಬಿಸಿಯೆದುರಿಗೆ ಪ್ಲಾಸ್ಟಿಕ್ ಹೇಗೆ ನಿಲ್ಲುತ್ತದೆ? 1953ರಲ್ಲಿ ಜರ್ಮನಿಯಲ್ಲೊಬ್ಬರು, ಅಮೆರಿಕದಲ್ಲೊಬ್ಬರು, ಒಬ್ಬರಿಗೊಬ್ಬರು ಅರಿಯದಂತೆ ಪಾಲಿಕಾರ್ಬನೇಟ್ ಎಂಬ ಪದಾರ್ಥವನ್ನು ಕಂಡುಹಿಡಿದರು. ಗಾಜಿನಂತೆ ಪಾರದರ್ಶಕ, ಕಲ್ಲಿನ ಮೇಲೆ ಬಿದ್ದರೂ ಒಡೆಯದು. ಶಿಶುವಿನ ಬಾಟಲಿಗೆ ಇದಕ್ಕಿಂತ ತಕ್ಕ ವಸ್ತು ಉಂಟೇ ಎಂದು ಲೋಕ ಅದನ್ನು ಸ್ವಾಗತಿಸಿತು. ಆದರೆ ಅದನ್ನು ತಯಾರಿಸಲು ಬೇಕಾದ ಮೂಲವಸ್ತು ಬಿಸ್ಫೀನಾಲ್-ಎ. ಅದು ದೇಹದಲ್ಲಿ ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆಂಬುದನ್ನು ಲಂಡನ್ನಿನ ಚಾರ್ಲ್ಸ್ ಡಾಡ್ಸ್ 1930ರ ದಶಕದಲ್ಲಿಯೇ, ಎಂದರೆ ಪಾಲಿಕಾರ್ಬನೇಟ್ ಹುಟ್ಟುವುದಕ್ಕೆ ಹಲವು ವರ್ಷ ಮೊದಲೇ, ತೋರಿಸಿಕೊಟ್ಟಿದ್ದನು. ಗೊತ್ತಿದ್ದ ಸಂಗತಿ ಗೊತ್ತಿದ್ದಂತೆಯೇ ಉಳಿದು, ತಲೆಮಾರುಗಳ ಮಕ್ಕಳು ಆ ಬಾಟಲಿಗಳಲ್ಲಿ ಹಾಲು ಕುಡಿದರು. ಪಾಲಿಕಾರ್ಬನೇಟ್ ಕುದಿನೀರಿಗೂ ಕ್ಷಾರಕ್ಕೂ ಪದೇಪದೇ ಒಡ್ಡಿಕೊಂಡಾಗ ಕೊಂಚಕೊಂಚವಾಗಿ ವಿಘಟಿಸಿ ಆ ಮೂಲವಸ್ತುವನ್ನು ಹಾಲಿಗೆ ಬಿಟ್ಟುಕೊಡುತ್ತದೆಂಬುದು ದೃಢಪಟ್ಟ ಮೇಲೆ, 2008ರಲ್ಲಿ ಕೆನಡಾ ಅದನ್ನು ಹಾಲುಬಾಟಲಿಗಳಿಂದ ಹೊರಗಿಡುವುದಾಗಿ ಸಾರಿತು. 2011ರಲ್ಲಿ ಐರೋಪ್ಯ ಒಕ್ಕೂಟ, 2012ರಲ್ಲಿ ಅಮೆರಿಕ ಅದೇ ದಾರಿಯನ್ನು ಹಿಡಿದುವು. 2015ರ ಭಾರತೀಯ ಮಾನಕವೂ ಶಿಶುಗಳ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಅದು ಸಲ್ಲದೆಂದಿತು. ಮನುಷ್ಯನು ದಿನವೊಂದಕ್ಕೆ ಎಷ್ಟು ಬಿಸ್ಫೀನಾಲ್-ಎಯನ್ನು ನಿರಪಾಯವಾಗಿ ಸೇವಿಸಬಹುದೆಂದು 2015ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತ್ತೋ, 2023ರಲ್ಲಿ ಅದೇ ಪ್ರಾಧಿಕಾರ ಆ ಮಿತಿಯನ್ನು 20,000 ಪಟ್ಟು ಕೆಳಗಿಳಿಸಿತು. ಎಂಟೇ ವರ್ಷಗಳಲ್ಲಿ ಇಷ್ಟು ಅಂತರ! ವಿಜ್ಞಾನವನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ತಿದ್ದಿಕೊಳ್ಳುವುದು ವಿಜ್ಞಾನದ ಧರ್ಮ. ಆದರೆ ಆ ತಿದ್ದುಪಡಿ ಬರುವ ತನಕ ಮಗು ಕಾದುಕೊಂಡಿರುವುದಿಲ್ಲ. ಅದು ದಿನಕ್ಕೆ ಆರೇಳು ಬಾರಿ ಕುಡಿಯುತ್ತಲೇ ಇರುತ್ತದೆ.

ಈಗ ಅಂಗಡಿಗಳಲ್ಲಿ ದೊರೆಯುವ ಬಾಟಲಿಗಳಲ್ಲಿ ಬಹುಪಾಲು ಪಾಲಿಪ್ರಾಪಿಲೀನಿನವು. ತಳದ ತ್ರಿಕೋನದೊಳಗೆ 5 ಎಂಬ ಅಂಕಿಯಿರುತ್ತದೆ. ಇದರಲ್ಲಿ ಬಿಸ್ಫೀನಾಲ್-ಎ ಇಲ್ಲವೆಂಬುದು ನಿಜ. ಆದರೆ 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ಈ ಬಾಟಲಿಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಕ್ರಮದಲ್ಲಿಯೇ ಶುದ್ಧಿಗೊಳಿಸಿ ಹಾಲು ಕಲಸುವ ವಿಧಾನವನ್ನು ಅನುಸರಿಸಿ ಪರೀಕ್ಷಿಸಿದಾಗ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಲೀಟರಿಗೆ 1.6 ಕೋಟಿಯವರೆಗೂ ಕಳಚಿಕೊಂಡುದು ಕಂಡುಬಂತು. ನೀರು 25 ಡಿಗ್ರಿಯದಾಗಿದ್ದಾಗ ಲೀಟರಿಗೆ ಸುಮಾರು 6 ಲಕ್ಷದಷ್ಟಿದ್ದ ಕಣಗಳು, 95 ಡಿಗ್ರಿಯಲ್ಲಿ 5.5 ಕೋಟಿಗೆ ಏರಿದುವು. ಈ ಕಣಗಳಿಂದ ಶಿಶುವಿಗೆ ಇಂಥದೇ ರೋಗ ಬರುತ್ತದೆಂದು ಅವರು ಹೇಳಲಿಲ್ಲ. ತಾಯಂದಿರು ಗಾಬರಿಯಾಗಬಾರದೆಂದೇ ಕೋರಿದರು. ನಾನೂ ಅದನ್ನೇ ಕೋರುತ್ತೇನೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕುಡಿದು ಆರೋಗ್ಯವಾಗಿ ಬೆಳೆದಿರುವ ಕೋಟ್ಯಂತರ ಮಕ್ಕಳು ನಮ್ಮ ಕಣ್ಣೆದುರಿಗೆ ಇದ್ದಾರೆ.

ಆದರೂ ನನ್ನ ವಾದದ ತಿರುಳು ಇಲ್ಲಿಯೇ ಇದೆ. ರೋಗಾಣುವಿನಿಂದ ಮಗುವನ್ನು ರಕ್ಷಿಸುವುದಕ್ಕೆ ಯಾವ ಬಿಸಿ ಬೇಕೋ, ಪ್ಲಾಸ್ಟಿಕ್ಕು ತನ್ನ ಮೈಯನ್ನು ಉದುರಿಸುವುದೂ ಅದೇ ಬಿಸಿಗೆ. ಕುದಿಸಿದರೆ ಕಣಗಳ ಚಿಂತೆ, ಕುದಿಸದಿದ್ದರೆ ಭೇದಿಯ ಭಯ. ಹೀಗೆ ತಾಯಿಯನ್ನು ಎರಡು ಅಂಜಿಕೆಗಳ ನಡುವೆ ನಿಲ್ಲಿಸುವ ವಸ್ತು, ಬೇರೆಲ್ಲ ಕಡೆಯಲ್ಲಿ ಎಷ್ಟೇ ಉಪಯುಕ್ತವಾಗಿರಲಿ, ಈ ಕೆಲಸಕ್ಕೆ ತಕ್ಕುದಲ್ಲ. ಎರಡರಲ್ಲಿ ಯಾವುದನ್ನಾದರೂ ಬಿಡಲೇಬೇಕಾದ ಸಂದರ್ಭ ಬಂದರೆ ಕುದಿಸುವುದನ್ನು ಬಿಡಬಾರದೆಂದು ನಾನು ಘಂಟಾಘೋಷವಾಗಿ ಹೇಳುತ್ತೇನೆ. ಏಕೆಂದರೆ ಭೇದಿಯು ವಾರದೊಳಗೆ ಎಳೆಗೂಸಿನ ಪ್ರಾಣವನ್ನು ಒಯ್ಯಬಲ್ಲದು. ಗಾಜಿನ ಬಾಟಲಿಯಲ್ಲಿ ಈ ಇಕ್ಕಟ್ಟೇ ಹುಟ್ಟುವುದಿಲ್ಲ. ಎಷ್ಟು ಕುದಿಸಿದರೂ ಅದು ಹಾಲಿಗೆ ಏನನ್ನೂ ಬೆರೆಸುವುದಿಲ್ಲ. ಕುಂಚದಿಂದ ಎಷ್ಟು ಉಜ್ಜಿದರೂ ಗೀರು ಬಿದ್ದು ಮಬ್ಬಾಗುವುದಿಲ್ಲ. ನಿನ್ನೆಯ ಹಾಲಿನ ವಾಸನೆಯನ್ನು ಇಂದಿಗೆ ಉಳಿಸಿಕೊಳ್ಳುವುದಿಲ್ಲ. ಜಿಡ್ಡು ಉಳಿದಿದ್ದರೆ ಬೆಳಕಿಗೆ ಹಿಡಿದೊಡನೆ ಕಾಣುತ್ತದೆ. ನಿಪ್ಪಲ್ ಮಾತ್ರ ಎರಡು ಬಗೆಯ ಬಾಟಲಿಗೂ ಒಂದೇ. ಅದು ಅಂಟಂಟಾದರೆ, ಬಿರಿದರೆ, ಯಾವ ಮರುಕವೂ ಇಲ್ಲದೆ ಎಸೆಯತಕ್ಕದ್ದು.

ಗಾಜು ಎಂದಾಗ ಎಲ್ಲ ಗಾಜೂ ಒಂದಲ್ಲ. ಚಹಾದಂಗಡಿಯ ಲೋಟದ ಸಾಮಾನ್ಯ ಗಾಜಿಗೆ ಕುದಿನೀರನ್ನು ಸುರಿದಾಗ ಒಳಮೈ ತಟ್ಟನೆ ಹಿಗ್ಗುತ್ತದೆ. ಹೊರಮೈ ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟವನ್ನು ತಾಳಲಾರದೆ ಗಾಜು ಸೀಳುತ್ತದೆ. ಗಾಜಿನ ಲೋಟಕ್ಕೆ ಬಿಸಿ ಕಾಫಿ ಸುರಿಯುವ ಮುನ್ನ ನಮ್ಮ ತಾಯಂದಿರು ಚಮಚವೊಂದನ್ನು ಅದರೊಳಗೆ ನಿಲ್ಲಿಸುತ್ತಿದ್ದುದು ಇದಕ್ಕಾಗಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ನಗರದ ಆಟೋ ಶಾಟ್ ಎಂಬ ರಸಾಯನಜ್ಞನು ಗಾಜಿಗೆ ಬೋರಾನಿನ ಆಕ್ಸೈಡನ್ನು ಕೂಡಿಸಿ ರೂಪಿಸಿದ ಬೋರೋಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜು ಹಿಗ್ಗುವುದರ ಮೂರನೆಯ ಒಂದು ಪಾಲು ಮಾತ್ರ. ನನ್ನ ಪ್ರಯೋಗಶಾಲೆಯ ಬೀಕರುಗಳು ದಿನವೂ ಜ್ವಾಲೆಯ ಮೇಲೆ ಕುಳಿತೂ ವರ್ಷಾನುಗಟ್ಟಲೆ ಬಾಳಿದುದು ಆ ಗಾಜಿನ ಮಹಿಮೆ. ಹಾಲುಬಾಟಲಿಯನ್ನು ಕೊಳ್ಳುವವರು ಈ ಹೆಸರನ್ನು ಕೇಳಿ ಕೊಳ್ಳಬೇಕು. ಭಾರತೀಯ ಮಾನಕದ ಮುದ್ರೆಯನ್ನೂ ನೋಡಬೇಕು, ಏಕೆಂದರೆ ಆ ಮುದ್ರೆಯಿಲ್ಲದ ಹಾಲುಬಾಟಲಿಯನ್ನು, ಅದು ಗಾಜಿನದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಮಾರಕೂಡದೆಂದು ಮೇಲೆ ಹೇಳಿದ ಕಾಯಿದೆಯೇ ವಿಧಿಸಿದೆ. ಅಷ್ಟಾದರೂ ಶೈತ್ಯಪೆಟ್ಟಿಗೆಯಿಂದ ತೆಗೆದ ಬಾಟಲಿಯನ್ನು ನೇರವಾಗಿ ಕುದಿನೀರಿಗೆ ಇಳಿಸದಿರುವುದೇ ಲೇಸು.

ಗಾಜು ಒಡೆಯುತ್ತದೆಯಲ್ಲ ಎಂಬ ಆಕ್ಷೇಪವುಂಟು, ಅದು ಸಣ್ಣ ಆಕ್ಷೇಪವಲ್ಲ. ನಡುಗುವ ಮುದಿಗೈ, ನಡುರಾತ್ರಿಯ ನಿದ್ದೆಗಣ್ಣು, ಗ್ರಾನೈಟಿನ ನೆಲ. ಒಡೆದ ಚೂರಿನ ಬಳಿ ಅಂಬೆಗಾಲಿಡುವ ಮಗು. ಈ ಅಪಾಯಕ್ಕೆ ಸಿಲಿಕೋನಿನ ಕವಚಗಳು ದೊರೆಯುತ್ತವೆ. ಸೀಳಿದ, ಅಂಚು ಚಕ್ಕೆ ಎದ್ದ ಬಾಟಲಿಯನ್ನು ಅಂದೇ ತ್ಯಜಿಸುವ ಶಿಸ್ತು ಬೇಕು. ಭಾರದ ಮಾತು ಬೇರೆ. ಗಾಜಿನ ಬಾಟಲಿ ಭಾರವಾದ್ದರಿಂದ ಮಗು ಅದನ್ನು ತಾನೇ ಹಿಡಿದುಕೊಳ್ಳಲಾರದೆಂದು ಹಲವರು ದೂರುತ್ತಾರೆ. ನಾನು ಅದನ್ನು ಗುಣವೆಂದೇ ಎಣಿಸುತ್ತೇನೆ. ಬಾಟಲಿಯನ್ನು ಮಗುವಿನ ಕೈಗೆ ಕೊಟ್ಟು, ದಿಂಬಿಗೆ ಒರಗಿಸಿ ಮಲಗಿಸಿಬಿಡುವ ಅಭ್ಯಾಸದಿಂದ ಹಾಲು ನೆತ್ತಿಗೇರುವುದು, ಕಿವಿ ಸೋರುವುದು, ಮೂಡುತ್ತಿರುವ ಹಲ್ಲುಗಳು ಹುಳುಕಾಗುವುದು ಮಕ್ಕಳ ವೈದ್ಯರೆಲ್ಲರಿಗೂ ಪರಿಚಿತವಾದ ಸಂಗತಿ. ಆ ಹಿಂದಿನ ಕೊಳವೆ ಬಾಟಲಿಯ ದೋಷದಲ್ಲಿ ಅರ್ಧ ಭಾಗ ಅದರ ಕೊಳವೆಯದಾದರೆ, ಇನ್ನರ್ಧ ಮಗುವನ್ನು ಒಂಟಿಯಾಗಿ ಬಿಟ್ಟುಹೋಗಲು ಅದು ಕೊಟ್ಟ ಅವಕಾಶದ್ದು. ಗಾಜಿನ ಬಾಟಲಿಯನ್ನು ಹಿಡಿಯಲು ದೊಡ್ಡವರೊಬ್ಬರ ಕೈ ಬೇಕೇ ಬೇಕು. ಕೈ ಇದ್ದಲ್ಲಿ ಮಡಿಲಿರುತ್ತದೆ, ಮಡಿಲಿದ್ದಲ್ಲಿ ಮುಖವಿರುತ್ತದೆ.

ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ, ದೂರದ ಪ್ರಯಾಣದಲ್ಲಿ ಗಾಜು ಕಷ್ಟವೆಂಬುದನ್ನು ಒಪ್ಪುತ್ತೇನೆ. ಅಲ್ಲಿಗೆ ಸ್ಟೀಲಿನ ಬಾಟಲಿಗಳಿವೆ. ಪ್ಲಾಸ್ಟಿಕ್ಕೇ ಗತಿಯೆಂದಾದಲ್ಲಿ ಹಾಲನ್ನು ಸ್ಟೀಲಿನ ಪಾತ್ರೆಯಲ್ಲಿ ಕಲಸಿ, ಆರಿದ ಮೇಲೆ ಬಾಟಲಿಗೆ ಹುಯ್ಯಬೇಕು, ಮೈಕ್ರೋವೇವಿನಲ್ಲಿ ಇಡಬಾರದು, ಕುದಿಸಿದ ಬಾಟಲಿಯನ್ನು ಕಾಯಿಸಿ ಆರಿಸಿದ ನೀರಿನಿಂದ ಮತ್ತೊಮ್ಮೆ ತೊಳೆಯಬೇಕು. ಡಬ್ಲಿನ್ನಿನ ಸಂಶೋಧಕರು ಕೊಟ್ಟ ಸಲಹೆಯ ಸಾರವೂ ಇದೇ. ತಾಯಿಯೇ ಹಿಂಡಿಟ್ಟುಹೋದ ಎದೆಹಾಲನ್ನು ಕುಡಿಸುವವರಿಗಂತೂ ಬಿಸಿನೀರಿನ ಗೊಡವೆ ಅರ್ಧ ತಗ್ಗುತ್ತದೆ. ಶೈತ್ಯಪೆಟ್ಟಿಗೆಯಲ್ಲಿ ನಾಲ್ಕು ದಿನದವರೆಗೂ ಕೆಡದ ಆ ಹಾಲನ್ನು ಕಾಯಿಸಬಾರದು, ಬೆಚ್ಚಗಿನ ನೀರಿನಲ್ಲಿ ಪಾತ್ರೆಯನ್ನಿಟ್ಟು ಹದಗೊಳಿಸಿದರೆ ಸಾಕು.

ಈಗ ಆ ಬೆಳ್ಳಿಯ ಒಳಲೆಗೆ ಮರಳುತ್ತೇನೆ. ಅಂಗೈಯಲ್ಲಿ ಅಡಗುವ ಪುಟ್ಟ ಬಟ್ಟಲು, ಒಂದು ಕಡೆ ಕೊಕ್ಕಿನಂತೆ ಚಾಚಿದ ತೆರೆದ ತುಟಿ. ನಮ್ಮ ಅಜ್ಜಿಯಂದಿರು ಅದರಲ್ಲಿ ಹಾಲನ್ನೂ ಔಷಧವನ್ನೂ ಮಗುವಿಗೆ ಹನಿಹನಿಯಾಗಿ ಕುಡಿಸುತ್ತಿದ್ದರು. ಅದರಲ್ಲಿ ಕೊಳವೆಯಿಲ್ಲ, ತಿರುಪಿಲ್ಲ, ನಿಪ್ಪಲಿಲ್ಲ, ಮೂಲೆಯಿಲ್ಲ. ಬೆರಳಿನಿಂದ ಉಜ್ಜಿ ಕುದಿನೀರಿಗೆ ಹಾಕಿ ತೆಗೆದರೆ ಅದರ ಶುದ್ಧಿ ಮುಗಿಯಿತು. ಯೂರೋಪಿನವರು ಕೊಳವೆಯ ಬಾಟಲಿಯಿಂದ ದುಃಖಪಟ್ಟು ಕಲಿತುದನ್ನು ನಮ್ಮ ಅಕ್ಕಸಾಲಿಗರೂ ಕಂಚುಗಾರರೂ ಅದರ ಆಕಾರದಲ್ಲಿಯೇ ಇಟ್ಟಿದ್ದರು. ದಿನ ತುಂಬದೆ ಹುಟ್ಟಿ, ಚೀಪುವ ಶಕ್ತಿಯಿಲ್ಲದ ಮಕ್ಕಳಿಗೆ ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ ದಾದಿಯರು ಹಿಂಡಿದ ತಾಯಿಹಾಲನ್ನು ಕುಡಿಸುವುದು ಒಳಲೆಯಿಂದಲೇ; ಪಾಲಾಡೈ ಎಂಬ ತಮಿಳು ಹೆಸರಿನಿಂದ ಅದು ವೈದ್ಯಗ್ರಂಥಗಳನ್ನೂ ಸೇರಿದೆ. ನಿಪ್ಪಲ್ಲಿಗೆ ಒಗ್ಗಿದ ಎಳೆಗೂಸು ತಾಯಿಯ ಮೊಲೆಯನ್ನು ಹಿಡಿಯಲು ತೊಡಕುಪಡುವುದುಂಟು. ಒಳಲೆಯಿಂದ ಕುಡಿದ ಮಗುವಿಗೆ ಆ ತೊಡಕು ಕಡಿಮೆ. ಮಗುವನ್ನು ಅರ್ಧ ಕುಳ್ಳಿರಿಸಿ, ತುಟಿಯ ಮೂಲೆಗೆ ಸೋಕಿಸಿ, ಅದು ನುಂಗಿದ ಮೇಲೆಯೇ ಮುಂದಿನ ಗುಟುಕನ್ನು ಕೊಡಬೇಕು. ಬಾಯಿಗೆ ಸುರಿದುಬಿಡುವ ಅವಸರ ಮಾತ್ರ ಸಲ್ಲದು. ಬೆಳ್ಳಿಯೇ ಆಗಬೇಕೆಂದಿಲ್ಲ; ಸ್ಟೀಲಿನ ಒಳಲೆ ಪಾತ್ರೆಯಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತದೆ. ಇಂಥದನ್ನು ದೇವರ ಮನೆಯಲ್ಲಿ ಪೂಜೆಗೆ ಇಡುವುದಕ್ಕಿಂತ ಅಡುಗೆಮನೆಯಲ್ಲಿ ದಿನವೂ ತೊಳೆದಿಡುವುದೇ ಹೆಚ್ಚಿನ ಗೌರವವೆಂದು ನಾನು ಆ ಹುಡುಗಿಗೆ ಹೇಳಿದೆ.

ಎಲ್ಲ ಹೊರೆಯನ್ನೂ ತಾಯಿಯ ಮೇಲೆ ಹೊರಿಸಿ ನಾನು ಲೇಖನವನ್ನು ಮುಗಿಸಲಾರೆ. 2017ರ ತಿದ್ದುಪಡಿಯ ಬಳಿಕ ನಮ್ಮ ಹೆರಿಗೆ ಸೌಲಭ್ಯದ ಕಾನೂನು ಮೊದಲೆರಡು ಹೆರಿಗೆಗಳಿಗೆ 26 ವಾರಗಳ ರಜೆಯನ್ನು ಕೊಡುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲೆಂದು ದಿನಕ್ಕೆರಡು ಬಿಡುವುಗಳನ್ನು ಕೊಡುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುವಿಹಾರ ಇರತಕ್ಕದ್ದೆಂದು ವಿಧಿಸುತ್ತದೆ. ಕಚೇರಿಯ, ಕಾರ್ಖಾನೆಯ ಹಿರಿಯರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ಪ್ರಾರ್ಥನೆ: ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಕುರ್ಚಿ, ಒಂದು ಸಣ್ಣ ಶೈತ್ಯಪೆಟ್ಟಿಗೆ, ಇಷ್ಟನ್ನು ಒದಗಿಸಿಕೊಡಿ. ನಾಮಕರಣಕ್ಕೆ ಹೊರಟಿರುವ ಬಂಧುಮಿತ್ರರಲ್ಲಿಯೂ ಪ್ರಾರ್ಥನೆ: ಬಾಟಲಿಯನ್ನು ಉಡುಗೊರೆಯಾಗಿ ಕೊಡಬೇಡಿ, ಕೊಡುವುದಾದರೆ ಒಳಲೆಯನ್ನು ಕೊಡಿ.

ನನ್ನ ತಮ್ಮನ ಮಗಳು ಮರುವಾರ ಬೋರೋಸಿಲಿಕೇಟ್ ಗಾಜಿನ ಎರಡು ಬಾಟಲಿಗಳನ್ನು ತರಿಸಿದಳು. ಒಳಲೆ ಅಡುಗೆಮನೆಯ ಗೂಡಿಗೆ ಇಳಿಯಿತು. ಬಾಟಲಿಗಳಲ್ಲಿ ಒಂದು ದೀಪಾವಳಿಯ ಹೊತ್ತಿಗೆ ಅಜ್ಜಿಯ ಕೈಯಿಂದ ಜಾರಿ ಒಡೆಯಿತು, ಇನ್ನೊಂದು ಉಳಿದಿದೆ. ಮಗುವಿಗೆ ಈಗ ಹದಿನಾಲ್ಕು ತಿಂಗಳು. ಸ್ಟೀಲಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತದೆ.